ಮುಳಿಗುಡ್ಡೆಯ ಕೈ ವರ್ಗ

ಜೂನ್ ಒಂಬತ್ತನೇ ತಾರೀಕು ಬೆಳಿಗ್ಗೆ ಹತ್ತು ಗಂಟೆಗೆ ಮುಳಿಗುಡ್ಡೆಯ ಏಳು ಹುಡುಗಿಯರ ಮೊಬೈಲುಗಳಿಂದ ಭೌತಶಾಸ್ತ್ರವನ್ನೂ ಗಣಿತವನ್ನೂ ಅಕ್ಷರಗಳನ್ನೂ ತೆಗೆದುಹಾಕಲಾಯಿತು.

ಆ ಏಳು ಜನರಲ್ಲಿ ಒಬ್ಬಳಾದ ವಿನುತಾ ಆಗ ಸರ್ಕಾರಿ ಪಿಯು ಕಾಲೇಜಿನ ಮೆಟ್ಟಿಲ ಮೇಲೆ ಕೂತು ಚಲನೆಯ ನಿಯಮಗಳ ಪಾಠ ಓದುತ್ತಿದ್ದಳು. ಪರದೆ ಒಮ್ಮೆ ಮಂಕಾಯಿತು, ಮತ್ತೆ ಬೆಳಗಿತು. ಬೆಳಗಿದಾಗ ಅಲ್ಲಿ ಸಾಲುಗಳಿರಲಿಲ್ಲ. ಒಂದು ಸ್ಪ್ರಿಂಗಿನ ಚಿತ್ರವಿತ್ತು. "ಬೆರಳಿನಿಂದ ಎಳೆ" ಎಂದಿತು ಒಂದು ಹೆಣ್ಣು ದನಿ. ಎಳೆದಳು. ಮೊಬೈಲು ಅಂಗೈಯೊಳಗೆ ಗುಯ್ಯೆಂದು ನಡುಗಿ, "ಭೇಷ್" ಎಂದಿತು. ಎಡಗಡೆ ಮೇಲುಮೂಲೆಯಲ್ಲಿ ಅವಳ ಹೆಸರಿರುತ್ತಿದ್ದ ಜಾಗದಲ್ಲಿ ಒಂದು ಹಸ್ತದ ಚಿತ್ರ ಕೂತಿತ್ತು.

ಪಕ್ಕದಲ್ಲಿದ್ದ ರಮೀಝಾ ತನ್ನ ಮೊಬೈಲನ್ನು ತಿರುಗಿಸಿ ತೋರಿಸಿದಳು. ಅಲ್ಲೂ ಹಸ್ತ.

"ಇದೆಂತ ಮಾರಾಯ್ತಿ, ನನ್ನ ಹೆಸರು ಎಲ್ಲಿ ಹೋಯ್ತು?"

"ಹೆಸರು ಮಾತ್ರವಾ? ನನ್ನ ಇಡೀ ಫಿಸಿಕ್ಸೇ ಹೋಗಿ ಆಯ್ತು" ಎಂದಳು ವಿನುತಾ.

ಆಮೇಲೆ ಎರಡೂ ಮೊಬೈಲುಗಳು ಒಟ್ಟಿಗೆ ಮಾತಾಡಿದವು. "ಅಭಿನಂದನೆಗಳು. ದರ್ಪಣ ನಿಮ್ಮನ್ನು ಅರಿತಿದೆ. ನೀವು ಕೈಯಿಂದ ಕಲಿಯುವವರು. ನಿಮ್ಮ ಕಲಿಕೆಗೆ ಅಡ್ಡಿಯಾಗುವ ಪಾಠಗಳನ್ನು ತೆಗೆಯಲಾಗಿದೆ. ಜುಲೈ ಒಂದರಿಂದ ಹಸ್ತಕೌಶಲ್ಯ ವಿಭಾಗದಲ್ಲಿ ನಿಮ್ಮ ತರಗತಿ. ತಕರಾರಿದ್ದರೆ ಜೂನ್ ಮೂವತ್ತರೊಳಗೆ ಜಿಲ್ಲಾ ಕೇಂದ್ರಕ್ಕೆ ಬನ್ನಿ."

ದರ್ಪಣ ಬಂದು ಮೂರು ವರ್ಷವಾಗಿತ್ತು. ಒಂಬತ್ತನೇ ಕ್ಲಾಸಿಗೆ ಕಾಲಿಟ್ಟ ಪ್ರತಿ ಮಗುವಿಗೂ ದರ್ಪಣ ಮಂಡಳಿ ಒಂದು ಮೊಬೈಲು, ಮಣಿಕಟ್ಟಿಗೆ ಒಂದು ಕೈಪಟ್ಟಿ ಕೊಡುತ್ತಿತ್ತು. ಪಾಠ ನಡೆಯುವಾಗ ಕಣ್ಣು ಎಲ್ಲಿದೆ ಎಂದು ಮೊಬೈಲಿನ ಕ್ಯಾಮೆರಾ ನೋಡುವುದು. ಕೈ ಎಷ್ಟು ಆಡುತ್ತಿದೆ ಎಂದು ಕೈಪಟ್ಟಿ ಅಳೆಯುವುದು. ಪಾಠ ಮುಗಿದ ಮೇಲೆ ಹತ್ತು ಪ್ರಶ್ನೆ. ಕೊನೆಗೆ 'ಅವಲೋಕನ', ಅಂದರೆ ಇವತ್ತು ನಾನು ಹೇಗೆ ಕಲಿತೆ ಎಂದು ಮಗು ತನ್ನ ಬಾಯಿಂದಲೇ ಎರಡು ನಿಮಿಷ ಹೇಳಬೇಕು. ಕೊನೆಯ ತೊಂಬತ್ತು ದಿನದ ಅಳತೆ ಸೇರಿಸಿ ಯಂತ್ರ ತೀರ್ಮಾನ ಹೇಳುವುದು: ಕಣ್ಣು ವರ್ಗ, ಕಿವಿ ವರ್ಗ, ಕೈ ವರ್ಗ.

ಮೊದಲಿಗೆ ಅದು ಒಳ್ಳೆಯದನ್ನೇ ಮಾಡಿತು, ಸುಳ್ಳು ಹೇಳಬಾರದು. ಏಳು ಹುಡುಗಿಯರಲ್ಲೊಬ್ಬಳಾದ ಪ್ರೀಮಾಳ ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿದ್ದವಳು, ಕಿವಿ ವರ್ಗಕ್ಕೆ ಸೇರಿ, ಪಾಠವನ್ನೆಲ್ಲ ಕೇಳಿಯೇ ಕಲಿತು ಪಾಸಾದಳು. ಪ್ರೀಮಾಳ ಮನೆಯವರು ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ ಬಂದರು. ಎರಡನೇ ವರ್ಷ ಒಂದು ಸುತ್ತೋಲೆ ಬಂತು: ಪಿಯುಗೆ ಸೇರಿದವರ ಸೀಟನ್ನು ಜೂನಿನಲ್ಲಿ ವರ್ಗ ನೋಡಿ ಖಾಯಂ ಮಾಡತಕ್ಕದ್ದು. ವಿಜ್ಞಾನ ಕಣ್ಣಿನವರಿಗೆ, ವಾಣಿಜ್ಯ ಕಿವಿಯವರಿಗೆ. ಕೈಯವರಿಗೆ ಎರಡು ವರ್ಷ ತಂತಿ ಬೆಸೆಯುವುದು, ತಿರುಪು ಬಿಗಿಯುವುದು. ಅದು ಮುಗಿಯುವ ಹೊತ್ತಿಗೆ ಹೆದ್ದಾರಿಯಲ್ಲಿ ಬಿಡಿಭಾಗದ ಕಾರ್ಖಾನೆಯ ನೀಲಿ ಬಸ್ಸು ಕಾಯುತ್ತಿರುತ್ತದೆ. ಯಾರಿಗೆ ಹೇಗೆ ಕಲಿಸಿದರೆ ಸುಲಭ ಎಂದು ತಿಳಿಯಲು ಹುಟ್ಟಿದ ಯಂತ್ರ, ಯಾರಿಗೆ ಏನನ್ನು ಕಲಿಸಬೇಕಾಗಿಲ್ಲ ಎಂದು ಹೇಳತೊಡಗಿತು. ಯಾರೂ ಏಳಲಿಲ್ಲ. ಯಂತ್ರ ಹೇಳಿದ ಮೇಲೆ ಎದ್ದು ಮಾತಾಡುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ.

ವಿನುತಾಳಿಗೆ ಆಗಬೇಕಾಗಿದ್ದದ್ದು ಫಿಸಿಕ್ಸ್ ಟೀಚರು. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಇಬ್ಬರೂ ಫಿಸಿಕ್ಸ್ ಸರ್ ಹತ್ತಿರ ಓಡಿದರು. ಅವರು ಮುಖ ಎತ್ತಲಿಲ್ಲ. "ಸಿಸ್ಟಮ್ ಲಾಕ್ ಮಾಡಿದೆಯಮ್ಮಾ. ನನ್ನ ಹಾಜರಿ ಪಟ್ಟಿಯಲ್ಲೇ ನಿಮ್ಮ ಹೆಸರಿಲ್ಲ. ನಾನೆಂತ ಮಾಡ್ಲಿ?"

ಮರುದಿನ ವಿನುತಾ ಮತ್ತು ರಮೀಝಾ ಬಸ್ಸು ಹತ್ತಿ ಮಂಗಳೂರಿಗೆ ಹೋದರು.

*

ದರ್ಪಣ ಮಂಡಳಿಯ ಜಿಲ್ಲಾ ಕೇಂದ್ರ ಮೂರನೇ ಮಹಡಿಯಲ್ಲಿತ್ತು. ಎ.ಸಿ.ಯ ಚಳಿ ಎಷ್ಟಿತ್ತೆಂದರೆ ರಮೀಝಾ ಶಾಲನ್ನು ಕಿವಿಯವರೆಗೆ ಎಳೆದುಕೊಂಡಳು. ಒಂದಿಡೀ ಗೋಡೆಯ ತುಂಬ ಜಿಲ್ಲೆಯ ನಕ್ಷೆ. ಅದರ ಮೇಲೆ ಸಾವಿರಾರು ಚುಕ್ಕೆಗಳು, ಒಂದೊಂದು ಮಗುವಿಗೆ ಒಂದೊಂದು. ಕಣ್ಣಿಗೆ ನೀಲಿ, ಕಿವಿಗೆ ಹಳದಿ, ಕೈಗೆ ಕಂದು. ಪೇಟೆಗಳೆಲ್ಲ ನೀಲಿ. ಕಂದು ಚುಕ್ಕೆಗಳು ಹರಡಿಕೊಂಡಿರಲಿಲ್ಲ. ಕೆಲವೇ ಊರುಗಳಲ್ಲಿ ಕೆಸರು ಎರಚಿದ ಹಾಗೆ ಗುಂಪಾಗಿದ್ದವು.

ಅಂಕಿ ಅಂಶ ನೋಡುವ ಶಾಂಭವಿ ಮೇಡಂಗೆ ಮೂವತ್ತರ ಆಸುಪಾಸು. ಮೇಜಿನ ಮೇಲಿನ ಚಹಾ ಆರಿ ಕೆನೆ ಕಟ್ಟಿತ್ತು. ಅವಳು ವಿನುತಾಳ ತೊಂಬತ್ತು ದಿನಗಳನ್ನು ಪರದೆಯ ಮೇಲೆ ಬಿಡಿಸಿಟ್ಟಳು. ಮೇಲೊಂದು ಗೆರೆ, ಕೆಳಗೊಂದು ಗೆರೆ.

"ಮೇಲಿನದು ನಿನ್ನ ಕೈ ಆಡಿದ್ದು. ಕೆಳಗಿನದು ನೀನು ಕೊಟ್ಟ ಸರಿಯುತ್ತರ. ನೋಡು, ಕೈ ಓಡಿದ ದಿನ ಹತ್ತರಲ್ಲಿ ಒಂಬತ್ತು ಸರಿ. ಕೈ ಸುಮ್ಮನಿದ್ದ ದಿನ ಹತ್ತರಲ್ಲಿ ಐದು. ಕಣ್ಣಂತೂ ಪರದೆಯ ಮೇಲೆ ಇರುವುದೇ ಇಲ್ಲ. ಯಂತ್ರ ಇನ್ನೇನು ಹೇಳಬೇಕು?"

ಎರಡು ಗೆರೆಗಳೂ ಜೊತೆಜೊತೆಗೇ ಏರುತ್ತಿದ್ದವು, ಜೊತೆಗೇ ಇಳಿಯುತ್ತಿದ್ದವು. ವಿನುತಾ ತನ್ನ ಕಣ್ಣನ್ನು ತಾನೇ ನಂಬದೆ ಬಗ್ಗಿ ನೋಡಿದಳು.

ಶಾಂಭವಿ ಮೇಲಿನ ಗೆರೆಯನ್ನು ದೊಡ್ಡದು ಮಾಡಿದಳು. ಅದರೊಳಗೆ ಸಣ್ಣ ಸಣ್ಣ ಅಲೆಗಳಿದ್ದವು. "ಇದು ನನಗೆ ಅರ್ಥವಾಗುತ್ತಿಲ್ಲ. ಅರ್ಧ ನಿಮಿಷಕ್ಕೊಂದು ಅಲೆ. ಒಂದು ತಿರುವು, ಒಂದು ಒತ್ತು, ಸುತ್ತು, ಮತ್ತೆ ತಿರುವು. ಏನು ಮಾಡುತ್ತಿದ್ದೆ?" ಉತ್ತರಕ್ಕೆ ಕಾಯದೆ ಅವಳು ಹಳೆಯ ಅವಲೋಕನವೊಂದನ್ನು ಒತ್ತಿದಳು. ಕೋಣೆಯ ತುಂಬ ವಿನುತಾಳದೇ ದನಿ: "ಇವತ್ತು ನಾನು ಬೆಳಕಿನ ವಕ್ರೀಭವನದ ಮಾದರಿ ಮಾಡುತ್ತಾ ಕಲಿತೆ."

ಮೇಜಿನ ಕೆಳಗೆ ರಮೀಝಾಳ ಕಾಲು ವಿನುತಾಳ ಕಾಲನ್ನು ಒತ್ತಿತು.

"ಕಾಗದದ ಮಾದರಿ, ಮೇಡಂ" ಎಂದಳು ವಿನುತಾ.

"ತೊಂಬತ್ತು ದಿನವೂ ಒಂದೇ ಆಕಾರದ್ದಾ? ವಕ್ರೀಭವನಕ್ಕೂ ಅದೇ, ಜೀರ್ಣಾಂಗಕ್ಕೂ ಅದೇ?"

ವಿನುತಾ ಮಣಿಕಟ್ಟಿನ ಕೈಪಟ್ಟಿಯನ್ನು ತಿರುಗಿಸಿದಳು.

"ಇನ್ನೊಂದು ವಿಚಿತ್ರ ಇದೆ. ಪ್ರತಿ ಸೋಮವಾರ ನಿನ್ನ ಕೈ ನಿಂತಿದೆ, ಆದರೂ ಉತ್ತರ ಸರಿ. ಹದಿಮೂರು ಸೋಮವಾರವೂ ಹಾಗೇ. ಯಂತ್ರ ಅವನ್ನು ಅಳತೆಯ ದೋಷ ಅಂತ ಬದಿಗಿಟ್ಟಿದೆ." ಶಾಂಭವಿ ಕುರ್ಚಿಗೆ ಒರಗಿ ನಕ್ಷೆಯ ಕಡೆ ಕೈ ತೋರಿಸಿದಳು. "ಜಿಲ್ಲೆಯಲ್ಲಿ ಕೈ ವರ್ಗ ಒಟ್ಟು ನಾನೂರ ಹನ್ನೆರಡು. ಎಲ್ಲರೂ ಹುಡುಗಿಯರು. ಎಲ್ಲರದ್ದೂ ಇದೇ ಅಲೆ. ಏನೋ ಇದೆ ಅಂತ ನನಗೆ ಗೊತ್ತು. ನೀವು ಹೇಳದಿದ್ದರೆ ನಾನು ಯಂತ್ರದ ಮಾತನ್ನೇ ನಂಬಬೇಕಾಗುತ್ತದೆ."

ಹೇಳಲಿಲ್ಲ. ತಕರಾರು ಅರ್ಜಿಗೆ ವಿನುತಾ ಏಳು ಜನರ ಪರವಾಗಿ ಸಹಿ ಹಾಕಿದಳು. ವಿಚಾರಣೆಗೆ ಜೂನ್ ಇಪ್ಪತ್ತೆಂಟರ ದಿನಾಂಕ ಬಿತ್ತು.

ಬಸ್ಸು ಮಂಗಳೂರಿನ ಪಂಪ್‌ವೆಲ್ ವೃತ್ತ ದಾಟಿತು. ಆಮೇಲೆ ರಮೀಝಾ ಮೆಲ್ಲಗೆ, "ಸೋಮವಾರ ನಿನ್ನ ಸರದಿ ಅಲ್ವಾ?" ಎಂದಳು.

"ಹೌದು. ಸೋಮವಾರ ಓದುವುದು ನಾನು."

*

ಮುಳಿಗುಡ್ಡೆಯ ಬೀಡಿ ಮನೆಗಳಲ್ಲಿ ಓದು ನಡೆಯುವ ರೀತಿಯೇ ಬೇರೆ. ಸಂಜೆ ನಾಲ್ಕಕ್ಕೆ ಏಳು ಹುಡುಗಿಯರು ವಿನುತಾಳ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂರುವರು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ತಾಯಂದಿರು ಹಗಲೇ ಕತ್ತರಿಸಿಟ್ಟ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಪುಡಿ ಮೆತ್ತಿದ ಬೆರಳಲ್ಲಿ ಮೊಬೈಲು ಮುಟ್ಟಿದರೆ ಪರದೆ ಕೆಡುತ್ತದೆ. ಆದ್ದರಿಂದ ಏಳೂ ಮೊಬೈಲುಗಳನ್ನು ಗೋಡೆಗೆ ಒರಗಿಸಿಟ್ಟು, ಸರದಿ ಇದ್ದವಳು ಮಾತ್ರ ಕೈ ತೊಳೆದು ಕೂತು ಗಟ್ಟಿಯಾಗಿ ಓದುವಳು. ಅವಳ ಪಾಲಿನ ಬೀಡಿಯನ್ನು ಉಳಿದ ಆರು ಜನ ಕಟ್ಟಿಕೊಡುವರು. ಸೋಮವಾರ ವಿನುತಾ, ಮಂಗಳವಾರ ರಮೀಝಾ, ಹೀಗೇ ಸಾಗಿ ಭಾನುವಾರ ಪ್ರೀಮಾ. ತಾಯಂದಿರ ಕಾಲದಿಂದ ಬಂದ ಕ್ರಮ ಅದು. ಆಗ ಓದುತ್ತಿದ್ದದ್ದು ವಾರಪತ್ರಿಕೆಯ ಧಾರಾವಾಹಿ, ಈಗ ಪಾಠ. ನಿಯಮ ಒಂದೇ: ಎಲ್ಲರೂ "ಹ್ಞೂಂ" ಅನ್ನುವವರೆಗೆ ಓದುವವಳು ಮುಂದಿನ ಸಾಲಿಗೆ ಹೋಗಬಾರದು. ಯಾರಾದರೂ "ಹ್ಞೂಂ" ಅನ್ನದಿದ್ದರೆ ಅಲ್ಲೇ ಜಗಳ, ಅಲ್ಲೇ ಪಾಠ.

ಮದುವೆಯೋ ಹಬ್ಬವೋ ಬಂದು ಜಗಲಿ ಕೂಡದ ದಿನ ಒಬ್ಬೊಬ್ಬರೇ ತಮ್ಮ ತಮ್ಮ ಮನೆಯಲ್ಲಿ, ಬೀಡಿಯಿಲ್ಲದೆ ಓದುತ್ತಿದ್ದರು. ಆ ದಿನ ಉತ್ತರ ತಪ್ಪುತ್ತಿತ್ತು. ಕೈ ನಿಂತದ್ದು ಯಂತ್ರಕ್ಕೆ ಕಂಡಿತು. ಜಗಲಿ ಖಾಲಿ ಇದ್ದದ್ದು ಕಾಣಲಿಲ್ಲ.

ಕಂಡೀತಾದರೂ ಹೇಗೆ? ಹದಿನೆಂಟರ ಒಳಗಿನವರು ಬೀಡಿ ಮುಟ್ಟಿದ್ದು ಗೊತ್ತಾದರೆ ತಾಯಿಯ ಬೀಡಿ ಕಾರ್ಡು ರದ್ದು ಎಂದು ಹೊಸ ಕಾನೂನು ಬಂದಿತ್ತು. ಕಾರ್ಡು ಹೋದರೆ ಕೆಲಸ ಹೋಯಿತು, ಆಸ್ಪತ್ರೆ ಹೋಯಿತು, ಮುದಿವಯಸ್ಸಿನ ಪಿಂಚಣಿಯೂ ಹೋಯಿತು. ಮಕ್ಕಳು ದುಡಿಯದೆ ಮನೆ ನಡೆಯುವಂತೆ ಮಾಡಲಾರದವರು ಮಾಡಿದ ಕಾನೂನು. ಅದಕ್ಕೇ ಏಳು ಹುಡುಗಿಯರೂ ಮಾತಾಡಿಕೊಂಡು, ಅವಲೋಕನದಲ್ಲಿ ಕೈ ಏನು ಮಾಡುತ್ತಿತ್ತೆಂದು ಕೇಳಿದರೆ 'ಮಾದರಿ' ಎಂದು ಹೇಳುವುದೆಂದು ತೀರ್ಮಾನಿಸಿದ್ದರು. ಉಳಿದ ಊರುಗಳ ಹುಡುಗಿಯರೂ, ಯಾರೂ ಯಾರನ್ನೂ ಕೇಳದೆ, ಅಂಥದ್ದೇ ಸುಳ್ಳು ಹೇಳಿದ್ದರು.

"ಅಂದ್ರೆ ನಮ್ಮ ಬಾಯಿಂದಲೇ ನಮ್ಮನ್ನು ಕೈ ಮಾಡಿಕೊಂಡದ್ದು" ಎಂದಳು ಪ್ರೀಮಾ. ಅವಳು ಗುಂಪಿನಲ್ಲೇ ಚುರುಕು ಬೆರಳಿನವಳು. ಮಾತಾಡುವಾಗಲೂ ಎಲೆ ಸುತ್ತುವುದು ನಿಲ್ಲುತ್ತಿರಲಿಲ್ಲ.

"ಬಾಯಿ ಮಾತ್ರ ಅಲ್ಲ, ಆ ಗೆರೆಯೂ ಹಾಗೇ ಹೇಳ್ತದೆ" ಎಂದಳು ವಿನುತಾ. "ನಾನು ಬಸ್ಸಲ್ಲಿ ಅದನ್ನೇ ಯೋಚನೆ ಮಾಡಿದೆ. ಗೆರೆ ಸುಳ್ಳಲ್ಲ. ನಮಗೇ ಗೊತ್ತಿಲ್ಲದೆ ನಾವು ಕೈಯಿಂದಲೇ ಕಲಿಯುವವರಾಗಿದ್ರೆ?"

ವಿನುತಾ ಪ್ರೀಮಾಳ ಕಡೆ ತಿರುಗಿದಳು.

"ಪ್ರೀಮಾ, ನಿಜ ಹೇಳು. ನೀನು ಹೇಗೆ ಕಲೀತಿ?"

ಪ್ರೀಮಾ ಬೀಡಿಯ ಬಾಯಿ ಮಡಚಿ ನೂಲು ಸುತ್ತಿದಳು. "ನಾನಾ? ರಮೀಝಾ ತಪ್ಪು ಹೇಳಿದಾಗ ಕಲೀತೇನೆ. ಅವಳು ಅಷ್ಟು ಧೈರ್ಯದಲ್ಲಿ ತಪ್ಪು ಹೇಳ್ತಾಳಲ್ಲ, ನಂಗೆ ಸಿಟ್ಟು ಬರ್ತದೆ. ಸಿಟ್ಟು ಬಂದದ್ದು ಮರೆಯುವುದಿಲ್ಲ."

ಎಲ್ಲರೂ ನಕ್ಕರು. ರಮೀಝಾ ನಗಲಿಲ್ಲ. "ನಾನು ಇವಳಿಗೆ ಹೇಳಿಕೊಡ್ಲಿಕ್ಕೆ ಹೋಗಿ ಕಲೀತೇನೆ. ಇವಳ ತಲೆಗೆ ಹೋಗುವ ಹಾಗೆ ಹೇಳ್ಬೇಕಾದ್ರೆ ಮೊದಲು ನನ್ನ ತಲೆಗೆ ಹತ್ತು ಸಲ ಹೋಗ್ಬೇಕು."

ಒಬ್ಬೊಬ್ಬರಾಗಿ ಹೇಳಿದರು. ಒಬ್ಬಳಿಗೆ ಎರಡನೇ ಸಲ ಕೇಳಿದಾಗ ಹತ್ತುವುದಂತೆ. ಇನ್ನೊಬ್ಬಳಿಗೆ ಮನೆಗೆ ಹೋಗಿ ತಂಗಿಗೆ ಒಪ್ಪಿಸಿದಾಗ. ಅವಲೋಕನದ ಯಂತ್ರದ ಮುಂದೆ ತೊಂಬತ್ತು ದಿನ ಆಡದ ಮಾತನ್ನು ಒಂದು ಸಂಜೆಯಲ್ಲಿ ಆಡಿದರು. ಕೈಯಿಂದ ಎಂದು ಯಾರೂ ಹೇಳಲಿಲ್ಲ. ಆದರೆ ಹೇಳಿದರೆ ಸಾಕೇ? ಯಂತ್ರದ ಹತ್ತಿರ ಗೆರೆ ಇದೆ. ಇವರ ಹತ್ತಿರ ಬಾಯಿ ಮಾತ್ರ.

"ಹಾಗಾದ್ರೆ ನಾವೂ ಅಳೆಯುವ" ಎಂದಳು ವಿನುತಾ.

*

ಅಳೆಯುವುದಕ್ಕೆ ಮೊದಲು ತಾಯಂದಿರಿಗೆ ಹೇಳಬೇಕಿತ್ತು. ಯಾಕೆಂದರೆ ಅಳೆದದ್ದನ್ನು ಕೇಂದ್ರಕ್ಕೆ ಕೊಟ್ಟರೆ ಬೀಡಿಯ ಸುದ್ದಿಯನ್ನೂ ಕೊಟ್ಟಂತೆಯೇ.

ಏಳು ಮನೆಯ ಹೆಂಗಸರು ಅದೇ ಜಗಲಿಯಲ್ಲಿ ಸೇರಿದರು. ವಿನುತಾ ಎಲ್ಲವನ್ನೂ ಹೇಳಿದಳು. ಅವಳ ತಾಯಿ ಜಲಜಾಕ್ಷಿ ಮಾತು ಮುಗಿಯುವವರೆಗೆ ಗೋಡೆಯನ್ನೇ ನೋಡುತ್ತಿದ್ದಳು. ಹದಿನೈದು ವರ್ಷದಿಂದ ಅವಳದ್ದು ಒಂಟಿ ದುಡಿಮೆ. ಆ ಕಾರ್ಡು ಬಿಟ್ಟರೆ ಅವಳ ಹೆಸರಿನಲ್ಲಿ ಈ ಲೋಕದಲ್ಲಿ ಬೇರೊಂದು ಕಾಗದವಿರಲಿಲ್ಲ.

"ಕಾರ್ಡು ಹೋಗ್ತದೆ ಅಂತ ಖಂಡಿತವಾ?" ಎಂದು ಕೇಳಿದಳು.

"ಖಂಡಿತ ಅಲ್ಲ ಅಮ್ಮ. ಹೋಗಲೂಬಹುದು."

ರಮೀಝಾಳ ತಾಯಿ ಝುಲೈಖಾ ಗಂಟಲು ಸರಿಮಾಡಿಕೊಂಡಳು. "ನನ್ನ ಕಾರ್ಡಿನಲ್ಲಿ ನನ್ನ ಹೆಬ್ಬೆಟ್ಟು ಉಂಟು. ಮಗಳು ಹೆಸರು ಬರೀತಾಳೆ. ಈಗ ಅವಳ ಹೆಸರು ತೆಗೆದು ಕೈಯ ಚಿತ್ರ ಇಟ್ಟಿದ್ದಾರಂತೆ. ಹೆಬ್ಬೆಟ್ಟಿಂದ ಹೊರಟು ಇಡೀ ಕೈಗೆ ಬಂದು ನಿಂತ ಹಾಗಾಯ್ತಲ್ಲ, ಜಲಜಕ್ಕ. ಇದಕ್ಕಾ ನಾವು ಹೊಗೆಸೊಪ್ಪಿನ ಧೂಳು ತಿಂದದ್ದು?"

ಆಮೇಲೆ ಜಲಜಾಕ್ಷಿ ಮಗಳ ಕಡೆ ತಿರುಗಿದಳು. "ತಿರುಪು ಬಿಗಿಯುವುದು ಕೀಳು ಕೆಲಸ ಅಂತ ನಾನು ಹೇಳುವುದಿಲ್ಲ. ಬೇಕಾದವರು ಬಿಗಿಯಲಿ. ನೀನು ಬೇಡ ಅಂದಿದ್ದಿ. ಬೇಡ ಅಂದವಳ ಕೈಗೆ ಕಟ್ಟಿದ್ದಾರಲ್ಲ, ಅದು ತಪ್ಪು. ಅಳೆ ನೀನು."

ಹದಿಮೂರರಿಂದ ಇಪ್ಪತ್ತೇಳರವರೆಗೆ ಹದಿನೈದು ದಿನ. ಮೊಬೈಲಿನಲ್ಲಿ ಅಕ್ಷರವೇ ಇರಲಿಲ್ಲ, ಪಾಠ ಎಲ್ಲಿಂದ ತರುವುದು? ಹನ್ನೆರಡರ ಸಂಜೆಯೇ ಬಸ್‌ಸ್ಟ್ಯಾಂಡಿನ ಗೂಡಂಗಡಿಯವನು ರಮೀಝಾಳನ್ನು ಕರೆದು ಪೇಪರಿನಲ್ಲಿ ಸುತ್ತಿದ ಕಟ್ಟೊಂದನ್ನು ಕೊಟ್ಟ. ಒಳಗೆ ಎರಡು ಹಳೆಯ ಅಚ್ಚಿನ ಪುಸ್ತಕ, ಒಂದು ಫಿಸಿಕ್ಸು, ಒಂದು ಗಣಿತ, ಜೊತೆಗೆ ಹಳೆಯ ಪ್ರಶ್ನೆಪತ್ರಿಕೆಗಳು. ಫಿಸಿಕ್ಸಿನ ಅಂಚಿನಲ್ಲಿ ಸರ್ ಅವರ ಅಕ್ಷರ ಎಲ್ಲರಿಗೂ ಗುರುತು ಸಿಕ್ಕಿತು. ಯಾರೂ ಹೆಸರೆತ್ತಲಿಲ್ಲ.

ಐದು ದಿನ ಎಂದಿನಂತೆ ಒಟ್ಟಿಗೆ ಕೂತು ಬೀಡಿ ಕಟ್ಟುತ್ತಾ ಓದಿದರು. ಐದು ದಿನ ಒಬ್ಬೊಬ್ಬಳೂ ತನ್ನ ಮನೆಯಲ್ಲಿ ಒಂಟಿಯಾಗಿ ಕೂತು, ಪಾಠದ ನಕಲು ಹಾಳೆಯನ್ನು ಎದುರಿಗೆ ಒರಗಿಸಿಟ್ಟು, ಬೀಡಿ ಕಟ್ಟುತ್ತಲೇ ಓದಿದಳು. ಉಳಿದ ಐದು ದಿನ ಎಲ್ಲರೂ ಜಗಲಿಯಲ್ಲಿ ಕೂಡಿದರು, ಆದರೆ ಎಲೆ ಮುಟ್ಟಲಿಲ್ಲ. ದಿನದ ಕೊನೆಗೆ ಹತ್ತು ಪ್ರಶ್ನೆ. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ವಿನುತಾ ಚೌಕ ಎಳೆದು ಏಳು ಜನರ ಉತ್ತರಗಳನ್ನು ತುಂಬುತ್ತಾ ಹೋದಳು.

ಕೈ ಕಟ್ಟಿ ಕೂರುವ ಐದು ದಿನಗಳೇ ಎಲ್ಲಕ್ಕಿಂತ ಕಷ್ಟದವು. ಮಕ್ಕಳ ಪಾಲನ್ನೂ ತಾಯಂದಿರೇ ಕಟ್ಟಿದರು. ಹುಡುಗಿಯರ ಕೈಗಳಿಗೆ ಎಲ್ಲಿ ಇರುವುದೆಂದೇ ತಿಳಿಯಲಿಲ್ಲ. ಪ್ರೀಮಾ ತನಗೇ ಗೊತ್ತಿಲ್ಲದೆ ಶಾಲಿನ ಅಂಚನ್ನು ಬೀಡಿಯ ಹಾಗೆ ಸುರುಳಿ ಸುತ್ತತೊಡಗಿದಳು. "ಕೈ ಬಿಡು" ಎಂದು ರಮೀಝಾ ಬೆರಳಿಗೆ ಹೊಡೆದಳು.

ಆವತ್ತು ಓದಿದ್ದು ಉಪಗ್ರಹಗಳ ಪಾಠ. ಚಂದ್ರ ಭೂಮಿಯ ಕಡೆಗೆ ಬೀಳುತ್ತಲೇ ಇರುತ್ತಾನೆ ಎಂಬ ಸಾಲಿಗೆ ಬಂದು ರಮೀಝಾ ನಿಂತಳು.

"ಹ್ಞೂಂ ಅನ್ನುವುದಿಲ್ಲ" ಎಂದಳು ಪ್ರೀಮಾ. "ಬೀಳ್ತಾ ಇದ್ರೆ ಇಷ್ಟರಲ್ಲಿ ನಮ್ಮ ತಲೆ ಮೇಲೆ ಬೀಳಬೇಕಿತ್ತು."

"ಬೀಳುವಷ್ಟೇ ಬದಿಗೂ ಓಡ್ತಾನಲ್ಲ. ಓಡುವಷ್ಟರಲ್ಲಿ ಕೆಳಗಿನ ನೆಲವೂ ಬಗ್ಗಿಕೊಂಡು ದೂರ ಹೋಗ್ತದೆ. ಬೀಳ್ತಾನೆ, ನೆಲ ಸಿಗುವುದಿಲ್ಲ."

"ಅಂದ್ರೆ ನಿಂತರೆ ಬೀಳ್ತಾನೆ" ಎಂದಳು ವಿನುತಾ.

ಒಳಗಿನಿಂದ ಎಲೆ ಕತ್ತರಿಸುತ್ತಿದ್ದ ಜಲಜಾಕ್ಷಿ, "ಅವನದ್ದೂ ನಮ್ಮದೇ ಕತೆ ಅನ್ನಿ" ಎಂದಳು. ಪ್ರೀಮಾ ನಕ್ಕು "ಹ್ಞೂಂ" ಎಂದಳು. ಸಾಲು ಮುಂದೆ ಹೋಯಿತು.

ಇಪ್ಪತ್ತೇಳರಂದು ಚೌಕಗಳು ತುಂಬಿದವು. ಒಟ್ಟಿಗೆ ಕೂತು ಬೀಡಿ ಕಟ್ಟಿದಾಗ ಹತ್ತರಲ್ಲಿ ಒಂಬತ್ತು. ಒಟ್ಟಿಗೆ ಕೂತು ಕೈ ಕಟ್ಟಿದಾಗಲೂ ಒಂಬತ್ತು. ಒಂಟಿಯಾಗಿ ಕೂತು ಬೀಡಿ ಕಟ್ಟಿದಾಗ, ಕೈ ಅಷ್ಟೇ ಓಡಿದರೂ, ಐದು.

ವಿನುತಾ ಆ ಹಾಳೆಯನ್ನು ಮೂರು ಸಲ ಓದಿ ಮಡಚಿದಳು.

*

ವಿಚಾರಣೆಗೆ ವಿನುತಾ, ರಮೀಝಾ, ಜಲಜಾಕ್ಷಿ ಮೂವರು ಹೋದರು. ಜಲಜಾಕ್ಷಿ ಶಾಂಭವಿಯ ಮೇಜಿನ ಮುಂದೆ ಕೂತವಳೇ ಬ್ಯಾಗಿನಿಂದ ಕಾರ್ಡು ತೆಗೆದು ಅವಳ ಎದುರಿಗಿಟ್ಟಳು.

"ಮಕ್ಕಳು ಮಾದರಿ ಮಾಡಿದ್ದಲ್ಲ ಮೇಡಂ. ಬೀಡಿ ಕಟ್ಟಿದ್ದು. ನಾನೇ ಕಲಿಸಿದ್ದು. ಸುಳ್ಳು ಹೇಳಿದ್ದು ಈ ಕಾರ್ಡಿಗಾಗಿ."

ವಿನುತಾ ಕ್ಯಾಲೆಂಡರಿನ ಹಾಳೆಯನ್ನು ಬಿಡಿಸಿ, ಸರದಿಯ ಕ್ರಮ, ಹ್ಞೂಂ ನಿಯಮ, ಹದಿನೈದು ದಿನದ ಅಳತೆ ಎಲ್ಲವನ್ನೂ ವಿವರಿಸಿದಳು. ಕೊನೆಗೆ ಶಾಂಭವಿ ಕಂಪ್ಯೂಟರಿಗೆ ತಿರುಗಿ, ಯಂತ್ರ ದೋಷವೆಂದು ಬದಿಗಿಟ್ಟಿದ್ದ ದಿನಗಳನ್ನು ಹೊರಗೆ ತೆಗೆದಳು. ಮೊದಲು ವಿನುತಾಳದ್ದು, ಅದರ ಕೆಳಗೆ ರಮೀಝಾಳದ್ದು, ಹೀಗೆ ಏಳು ಜನರದ್ದೂ ಒಂದರ ಕೆಳಗೆ ಒಂದು. ಸೋಮವಾರ, ಮಂಗಳವಾರ, ಬುಧವಾರ. ಬಿಟ್ಟುಬಿಟ್ಟ ಚುಕ್ಕೆಗಳು ಪರದೆಯ ಮೇಲೆ ಮೆಟ್ಟಿಲಿನಂತೆ ಇಳಿದವು. ವಾರ ವಾರವೂ ಅದೇ ಮೆಟ್ಟಿಲು.

"ನಿಮ್ಮ ಸರದಿ" ಎಂದಳು ಶಾಂಭವಿ. "ಕೈ ನಿಂತಾಗಲೂ ಉತ್ತರ ಸರಿಯಿದ್ದ ದಿನಗಳನ್ನೇ ನಾವು ಎಸೆದುಬಿಟ್ಟಿದ್ದೇವೆ. ಯಂತ್ರ ಒಂದು ಮೊಬೈಲಿಗೆ ಒಂದು ಮಗು ಅಂತ ಮಾತ್ರ ನೋಡಿತು. ಪಕ್ಕದಲ್ಲಿ ಇನ್ನೊಬ್ಬಳು ಕೂತಿರಬಹುದು ಅಂತ ನೋಡಲು ನಾವು ಅದಕ್ಕೆ ಹೇಳಿಯೇ ಇರಲಿಲ್ಲ."

"ಹಾ, ಇದನ್ನು ಅಳೆದ ಹುಡುಗಿ ಜಾಣೆ" ಎಂದಿತು ಹಿಂದಿನಿಂದ ಒಂದು ದನಿ.

ಕೇಂದ್ರದ ನಿರ್ದೇಶಕ ದೇವದತ್ತ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಮೃದುವಾಗಿ ಮಾತಾಡುವ ಮನುಷ್ಯ. ಕುರ್ಚಿ ಎಳೆದುಕೊಂಡು ಕೂತು ಹಾಳೆಯನ್ನು ಪೂರ್ತಿ ಓದಿದ. ಆಮೇಲೆ ಜಲಜಾಕ್ಷಿಯ ಕಾರ್ಡನ್ನು ಒಂದು ಬೆರಳಲ್ಲಿ ಅವಳ ಕಡೆಗೇ ಸರಿಸಿದ.

"ಇದನ್ನು ಒಳಗಿಡಿ ತಾಯಿ. ನಾನು ನೋಡಿಲ್ಲ." ಆಮೇಲೆ ವಿನುತಾಳಿಗೆ, "ಮಗಳೇ, ನೀನು ಬುದ್ಧಿವಂತೆ. ನಿನ್ನನ್ನು ಕೈ ವರ್ಗಕ್ಕೆ ಹಾಕಿದ್ದು ತಪ್ಪು, ಒಪ್ಪುತ್ತೇನೆ. ಅಲ್ಲಿ ಪರೀಕ್ಷೆಯ ಕೋಣೆ ಇದೆ. ಕೈಪಟ್ಟಿ ಕಟ್ಟಿಕೊಂಡು ನಲವತ್ತು ನಿಮಿಷ ಒಬ್ಬಳೇ ಕೂತು ಓದು. ಉತ್ತರ ಕೊಡು. ನೀನು ಕಣ್ಣು ವರ್ಗಕ್ಕೆ ಬರುತ್ತೀ, ನಾನು ನೋಡಿಕೊಳ್ಳುತ್ತೇನೆ. ಸೋಮವಾರ ವಿಜ್ಞಾನದ ತರಗತಿಯಲ್ಲಿ ಕೂತಿರುತ್ತೀ. ಈ ಹಾಳೆ ಫೈಲಿಗೆ ಹೋಗುವುದಿಲ್ಲ. ಬೀಡಿಯ ಮಾತೂ ಹೋಗುವುದಿಲ್ಲ."

"ಉಳಿದವರು, ಸರ್?"

"ಅವರದ್ದು ಆಮೇಲೆ ನೋಡೋಣ."

"ಆಮೇಲೆ ನೋಡಲಿಕ್ಕೆ ಆಗುವುದಿಲ್ಲ" ಎಂದಳು ಶಾಂಭವಿ. ದೇವದತ್ತ ಅವಳ ಕಡೆ ನೋಡಿದ. ಅವಳು ನಿಲ್ಲಿಸಲಿಲ್ಲ. "ತಕರಾರಿಗೆ ಸಹಿ ಹಾಕಿದವಳು ನೀನು ವಿನುತಾ. ನೀನು ಮರುಪರೀಕ್ಷೆ ಒಪ್ಪಿದರೆ ಒಬ್ಬ ವಿದ್ಯಾರ್ಥಿನಿಯ ಅಳತೆ ತಪ್ಪಿತ್ತು, ಸರಿಪಡಿಸಲಾಗಿದೆ ಅಂತ ಬರೆದು ಫೈಲು ಮುಚ್ಚುತ್ತಾರೆ. ಯಂತ್ರ ಸರಿ ಅಂತ ಆಗುತ್ತದೆ. ನೀನು ಒಪ್ಪದಿದ್ದರೆ ಫೈಲು ರಾಜ್ಯದ ತಜ್ಞರ ಸಮಿತಿಗೆ ಹೋಗಲೇಬೇಕು. ಅವರು ಹೇಳುವವರೆಗೆ ಜಿಲ್ಲೆಯ ಕೈ ವರ್ಗದ ಇಡೀ ಪಟ್ಟಿಗೇ ತಡೆ."

"ಅದನ್ನೂ ಹೇಳಿಬಿಡಿ ಶಾಂಭವಿ" ಎಂದ ದೇವದತ್ತ, ಅದೇ ಮೃದು ದನಿಯಲ್ಲಿ. "ಸಮಿತಿಗೆ ಹೋದರೆ ಬೀಡಿಯ ವಿಷಯವೂ ಹೋಗುತ್ತದೆ. ಏಳು ತಾಯಂದಿರ ಕಾರ್ಡಿಗೆ ನಾನು ಜವಾಬ್ದಾರನಲ್ಲ. ಸಮಿತಿ ಯಾವಾಗ ಕೂರುತ್ತದೋ ದೇವರಿಗೇ ಗೊತ್ತು. ಅಷ್ಟರಲ್ಲಿ ಈ ಹುಡುಗಿಯ ಒಂದು ವರ್ಷ ಹೋಯಿತು."

ವಿನುತಾ ತಾಯಿಯ ಕಡೆ ತಿರುಗಿದಳು. ಜಲಜಾಕ್ಷಿ ಕಾರ್ಡನ್ನು ಮುಟ್ಟಿರಲಿಲ್ಲ. ಅದು ಮೇಜಿನ ಮೇಲೆಯೇ ಬಿದ್ದಿತ್ತು.

"ನನ್ನ ಮುಖ ನೋಡಬೇಡ ಮಗಾ" ಎಂದಳು ಜಲಜಾಕ್ಷಿ. "ನಾವು ಏಳು ಜನ ಹೇಳುವುದನ್ನು ಜಗಲಿಯಲ್ಲೇ ಹೇಳಿ ಆಗಿದೆ."

ರಮೀಝಾ ನೆಲ ನೋಡುತ್ತಿದ್ದಳು. "ನೀನು ಹೋಗು ವಿನುತಾ" ಎಂದಳು, ಯಾರಿಗೂ ಕೇಳದಷ್ಟು ಮೆಲ್ಲಗೆ. "ಒಬ್ಬಳಾದ್ರೂ ಹೋದ ಹಾಗಾಗ್ತದೆ. ನಂಗೆ ಬೇಜಾರಿಲ್ಲ."

"ಬೇಜಾರಿಲ್ಲ ಅಂತ ಹೇಳುವಾಗ ಮುಖ ಎತ್ತಿ ಹೇಳ್ಬೇಕು ಮಾರಾಯ್ತಿ" ಎಂದಳು ವಿನುತಾ.

ದೇವದತ್ತ ಎದ್ದು ಹೋಗಿ ಗಾಜಿನ ಕೋಣೆಯ ಬಾಗಿಲು ತೆರೆದ. ಒಳಗೆ ಒಂದು ಮೇಜು, ಒಂದು ಕುರ್ಚಿ, ಒಂದು ಪರದೆ. ಪರದೆಯ ಮೇಲೆ ಅಕ್ಷರಗಳಿದ್ದವು. ಇಪ್ಪತ್ತು ದಿನದಿಂದ ಯಾವ ಪರದೆಯಲ್ಲೂ ಅವಳು ಅಕ್ಷರ ಕಂಡಿರಲಿಲ್ಲ. ವಿನುತಾ ದೂರದಿಂದಲೇ ಮೊದಲ ಸಾಲು ಓದಿದಳು, ಅವಳಿಗೆ ಗೊತ್ತಿದ್ದ ಪಾಠವೇ. ಒಂಟಿಯಾಗಿ ಕೂತರೂ ಇದರಲ್ಲಿ ತಾನು ತಪ್ಪುವುದಿಲ್ಲ, ನಲವತ್ತು ನಿಮಿಷವೂ ಬೇಡ, ಇಪ್ಪತ್ತೈದು ಸಾಕು ಎಂದು ಅವಳಿಗೆ ಖಚಿತವಾಗಿ ತಿಳಿದಿತ್ತು. ಅದೇ ಕಷ್ಟ. ಬಾರದ ಪರೀಕ್ಷೆಯಾಗಿದ್ದರೆ ಬೇಡ ಎನ್ನುವುದು ಸುಲಭವಿತ್ತು.

ಗೋಡೆಯ ನಕ್ಷೆಯ ಮೇಲೆ ಕಂದು ಚುಕ್ಕೆಗಳು ಗುಂಪು ಗುಂಪಾಗಿ ಉರಿಯುತ್ತಿದ್ದವು. ಆ ಊರುಗಳಲ್ಲಿ ಎಷ್ಟು ಜಗಲಿಗಳಿರಬಹುದು? ಅಲ್ಲಿ ಯಾರ ಸರದಿ ಯಾವ ವಾರ?

"ಬಾ ಮಗಳೇ" ಎಂದ ದೇವದತ್ತ. ಕೈಪಟ್ಟಿಯ ಕೊಂಡಿ ಬಿಚ್ಚಿ ಹಿಡಿದಿದ್ದ. "ಹೊತ್ತಾಗುತ್ತಿದೆ. ಕೈ ಚಾಚು."

ವಿನುತಾ ಎದ್ದು ನಿಂತಳು. ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು.

"ಚಾಚುವುದಿಲ್ಲ, ಸರ್."

"ಏನು?"

"ಒಳಗೆ ಹೋಗುವುದಿಲ್ಲ. ಫೈಲು ತೆರೆದೇ ಇರಲಿ. ಹಾಳೆಯನ್ನು ಅದರಲ್ಲಿ ಸೇರಿಸಿ."